ಸರ್ಕಾರದ ಆದೇಶವನ್ನು ಹೈಕೋರ್ಟ್‌ನಲ್ಲಿ ಪ್ರಶ್ನಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಲೈಸೆನ್ಸ್ ರದ್ದಾಯಿತು, ಪಿಂಚಣಿ ನಿಂತಿತು, ಪಹಣಿಯಲ್ಲಿ ಹೆಸರು ಬದಲಾಯಿತು, ಟೆಂಡರ್ ಕೈತಪ್ಪಿತು. ಕೈಯಲ್ಲಿ ಒಂದು ಆದೇಶ ಇದೆ, ಅದು ತಪ್ಪು ಅನ್ನೋದು ನಿಮ್ಮ ನಂಬಿಕೆ. ಮುಂದೇನು? ಕರ್ನಾಟಕದಲ್ಲಿ ಇಂಥ ಸ್ಥಿತಿಯಲ್ಲಿರುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದೆ. ಇದು ತಿಳಿವಳಿಕೆಗಾಗಿ ಬರೆದದ್ದು. ನಿಮ್ಮ ಕಾಗದಪತ್ರ ನೋಡಿದ ವಕೀಲರು ಬೇರೆ ಏನಾದರೂ ಹೇಳಿದರೆ ಅವರ ಮಾತನ್ನೇ ಕೇಳಿ.

ಸರ್ಕಾರ ಮಾಡಿದ ಆದೇಶವನ್ನು ರದ್ದು ಮಾಡುವ ಅಧಿಕಾರ ಹೈಕೋರ್ಟ್‌ಗೆ ಎಲ್ಲಿಂದ ಬಂತು?

ಸಂವಿಧಾನದ 226ನೇ ವಿಧಿಯಿಂದ. ಇದನ್ನೇ ನ್ಯಾಯಾಂಗ ಪರಾಮರ್ಶೆ ಅನ್ನುತ್ತಾರೆ, ಅದಕ್ಕೆ ಹಾಕುವ ಅರ್ಜಿಯೇ ರಿಟ್ ಅರ್ಜಿ. ಮೂಲಭೂತ ಹಕ್ಕಿಗೆ ಧಕ್ಕೆಯಾದರೆ 32ನೇ ವಿಧಿಯಡಿ ಸುಪ್ರೀಂ ಕೋರ್ಟ್‌ಗೂ ಹೋಗಬಹುದು. ಆದರೆ ಹೈಕೋರ್ಟ್‌ನ ಬಾಗಿಲು ಇನ್ನೂ ಅಗಲ. ಮೂಲಭೂತ ಹಕ್ಕಿನ ಪ್ರಶ್ನೆ ಇಲ್ಲದಿದ್ದರೂ, ಯಾವುದೋ ಕಾಯ್ದೆ ಕೊಟ್ಟ ಹಕ್ಕಿಗೆ ತೊಂದರೆಯಾಗಿದ್ದರೂ ಅಲ್ಲಿಗೆ ಹೋಗಬಹುದು. ಈ ಅಧಿಕಾರ ಸಂವಿಧಾನದ ಮೂಲ ಸ್ವರೂಪದ ಭಾಗ, ತಿದ್ದುಪಡಿ ತಂದರೂ ಕಿತ್ತುಕೊಳ್ಳಲಾಗದು ಎಂದು 1997ರಲ್ಲಿ ಎಲ್. ಚಂದ್ರಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ನ್ಯಾಯ ನನ್ನ ಕಡೆ ಇದೆ. ಅಷ್ಟು ಸಾಕಲ್ವಾ?

ಸಾಲದು. ಹೆಚ್ಚಿನವರು ಎಡವುವುದು ಇಲ್ಲೇ. ರಿಟ್ ಅರ್ಜಿ ಅಂದರೆ ಮೇಲ್ಮನವಿ ಅಲ್ಲ. ಅಧಿಕಾರಿಯ ಕುರ್ಚಿಯಲ್ಲಿ ಕೂತು ನ್ಯಾಯಾಧೀಶರು ಹೊಸದಾಗಿ ತೀರ್ಮಾನ ಮಾಡುವುದಿಲ್ಲ. ಅವರು ಕೇಳುವುದು ಇಷ್ಟು: ಈ ಅಧಿಕಾರಿಗೆ ಈ ಆದೇಶ ಮಾಡುವ ಅಧಿಕಾರ ಇತ್ತಾ? ಮಾಡಬೇಕಾದ ಕ್ರಮದಲ್ಲೇ ಮಾಡಿದರಾ? ನೋಡಬೇಕಾದ್ದನ್ನು ನೋಡಿ, ನೋಡಬಾರದ್ದನ್ನು ಬಿಟ್ಟು ತೀರ್ಮಾನಕ್ಕೆ ಬಂದರಾ? ಸಾಮಾನ್ಯ ಬುದ್ಧಿ ಇರುವ ಯಾರೂ ಇಂಥ ತೀರ್ಮಾನಕ್ಕೆ ಬರಲು ಸಾಧ್ಯವೇ ಇಲ್ಲ ಅನ್ನುವಷ್ಟು ಅಸಂಬದ್ಧವಾಗಿದೆಯಾ?

1994ರ ಟಾಟಾ ಸೆಲ್ಯುಲರ್ ತೀರ್ಪು ಇದನ್ನು ಸ್ಪಷ್ಟವಾಗಿ ಹೇಳಿದೆ. ಕೋರ್ಟ್ ನೋಡುವುದು ತೀರ್ಮಾನವನ್ನಲ್ಲ, ತೀರ್ಮಾನಕ್ಕೆ ಬಂದ ದಾರಿಯನ್ನು. ಎರಡು ತೀರ್ಮಾನಗಳು ಸಾಧ್ಯ ಇದ್ದು ಅಧಿಕಾರಿ ಒಂದನ್ನು ಆರಿಸಿಕೊಂಡಿದ್ದರೆ, ಇನ್ನೊಂದೇ ಒಳ್ಳೆಯದಿತ್ತು ಅಂತ ನೀವು ಎಷ್ಟು ಚೆನ್ನಾಗಿ ವಾದಿಸಿದರೂ ಪ್ರಯೋಜನ ಕಮ್ಮಿ.

ಹಾಗಾಗಿ ಕೇಸು ಗಟ್ಟಿಯಾಗುವುದು ಕೋರ್ಟ್ ಹಾಲ್‌ನಲ್ಲಲ್ಲ. ನೀವು ಕೊಟ್ಟ ಮನವಿ, ಅದಕ್ಕೆ ಬಿದ್ದ ಸ್ವೀಕೃತಿ ಮುದ್ರೆ, ನೋಟಿಸ್‌ಗೆ ಕೊಟ್ಟ ಉತ್ತರ, ಕಡತದ ಟಿಪ್ಪಣಿ ಹಾಳೆ, ಇವುಗಳಲ್ಲೇ ಅದು ಗಟ್ಟಿಯಾಗಬೇಕು. ಮುಂದಿನ ಉತ್ತರಗಳಲ್ಲೂ ಈ ಮಾತು ಮತ್ತೆ ಮತ್ತೆ ಬರುತ್ತದೆ.

ಆದೇಶ ಕೈಗೆ ಬಂದ ಮೇಲೆ ಅದರಲ್ಲಿ ಏನು ನೋಡಬೇಕು?

ಎಲ್ಲರೂ ಮೊದಲು ಕೊನೆಯ ಪುಟ ತಿರುವುತ್ತಾರೆ. ಅಲ್ಲೇನಿದೆ ಅಂತ ನಿಮಗೆ ಹೇಗೂ ಗೊತ್ತು. ಮೊದಲ ಪುಟಕ್ಕೆ ಬನ್ನಿ.

ಸರ್ಕಾರಿ ಆದೇಶದಲ್ಲಿ ಮೇಲೆ 'ಓದಲಾಗಿದೆ' ಅಂತ ಒಂದು ಪಟ್ಟಿ ಇರುತ್ತದೆ. ಯಾವ ಯಾವ ಪತ್ರ, ವರದಿ, ಸುತ್ತೋಲೆ ನೋಡಿ ಆದೇಶ ಮಾಡಲಾಗಿದೆ ಅನ್ನುವುದು ಅಲ್ಲಿರುತ್ತದೆ. ಕೆಳಗಿನ ಕಚೇರಿಗಳ ಆದೇಶದಲ್ಲಿ ಇದೇ 'ಉಲ್ಲೇಖ' ಆಗಿರುತ್ತದೆ. ನಿಮಗೆ ಶೋಕಾಸ್ ನೋಟಿಸ್ ಬಂದಿತ್ತು, ನೀವು ಆರು ಪುಟದ ಉತ್ತರ ಕೊಟ್ಟಿದ್ದಿರಿ ಅಂದುಕೊಳ್ಳಿ. ಆ ಉತ್ತರದ ದಿನಾಂಕ ಈ ಪಟ್ಟಿಯಲ್ಲಿ ಇದೆಯಾ? ಇಲ್ಲದಿದ್ದರೆ ನಿಮ್ಮ ಉತ್ತರವನ್ನು ನೋಡದೇ ಆದೇಶ ಮಾಡಿದ್ದಾರೆ ಅನ್ನಲು ಅದೇ ಮೊದಲ ಸುಳಿವು. ಪಟ್ಟಿಯಲ್ಲಿ ಇದ್ದು, ಒಳಗೆ 'ಉತ್ತರ ಸಮಾಧಾನಕರವಾಗಿಲ್ಲ' ಅನ್ನುವ ಒಂದೇ ಸಾಲು ಇದ್ದರೆ ಅದೂ ಸುಳಿವೇ. ನಿಮಗೆ ಯಾವತ್ತೂ ಪ್ರತಿ ಕೊಡದ ಯಾವುದೋ ತನಿಖಾ ವರದಿ ಆ ಪಟ್ಟಿಯಲ್ಲಿ ಕಾಣಿಸಿದರೆ ಇನ್ನೂ ಗಟ್ಟಿ ಅಂಶ ಸಿಕ್ಕಿತು ಅಂತಲೇ ಲೆಕ್ಕ.

ಆಮೇಲೆ ಯಾವ ಕಾಯ್ದೆಯ ಯಾವ ಕಲಂ ಅಡಿ ಆದೇಶ ಆಗಿದೆ ನೋಡಿ. ಆ ಕಲಂ ಜಿಲ್ಲಾಧಿಕಾರಿಗೆ ಅಧಿಕಾರ ಕೊಟ್ಟಿದ್ದು, ಸಹಿ ಮಾತ್ರ ಬೇರೆಯವರದ್ದಾಗಿದ್ದರೆ, ಆ ಅಧಿಕಾರವನ್ನು ವಹಿಸಿಕೊಟ್ಟ ಆದೇಶ ಇದೆಯಾ ಎಂದು ಕೇಳಬೇಕು. 'ಸಚಿವರ ಮೌಖಿಕ ಸೂಚನೆಯಂತೆ' ಎಂಬಂಥ ಮಾತು ಕಂಡರೆ ಅದಕ್ಕೆ ಗೆರೆ ಹಾಕಿಕೊಳ್ಳಿ. ಕಾಯ್ದೆ ಯಾರಿಗೆ ಅಧಿಕಾರ ಕೊಟ್ಟಿದೆಯೋ ಅವರೇ ತಮ್ಮ ಬುದ್ಧಿ ಓಡಿಸಿ ತೀರ್ಮಾನಿಸಬೇಕು. ಮೇಲಿನವರು ಹೇಳಿದರು ಅಂತ ಸಹಿ ಹಾಕಿದರೆ ಅದು ನಿಲ್ಲುವುದಿಲ್ಲ.

ಆದೇಶದಲ್ಲಿ ಕಾರಣವೇ ಇಲ್ಲ. ಕೋರ್ಟ್‌ಗೆ ಬಂದ ಮೇಲೆ ಹೊಸ ಹೊಸ ಕಾರಣ ಹೇಳಿದರೆ?

ಹೇಳಲು ಬಿಡುವುದಿಲ್ಲ. 1977ರ ಲೋಕಸಭಾ ಚುನಾವಣೆಯಲ್ಲಿ ಪಂಜಾಬಿನ ಫಿರೋಜ್‌ಪುರ ಕ್ಷೇತ್ರದ ಮತದಾನ ರದ್ದಾದ ವಿಚಾರ ಸುಪ್ರೀಂ ಕೋರ್ಟ್‌ಗೆ ಹೋಗಿತ್ತು. ಅದೇ ಮೊಹಿಂದರ್ ಸಿಂಗ್ ಗಿಲ್ ಪ್ರಕರಣ. ಆದೇಶ ಸರಿಯೋ ತಪ್ಪೋ ಅನ್ನುವುದನ್ನು ಅದರಲ್ಲೇ ಬರೆದಿರುವ ಕಾರಣಗಳಿಂದ ಅಳೆಯಬೇಕು, ಆಮೇಲೆ ಅಫಿಡವಿಟ್ ಹಾಕಿ ಹೊಸ ಕಾರಣ ಸೇರಿಸುವಂತಿಲ್ಲ ಅಂತ ಅಲ್ಲಿ ಹೇಳಲಾಯಿತು. ಹಳೆಯದಾದಷ್ಟೂ ರುಚಿ ಏರಲು ಆದೇಶಗಳೇನು ದ್ರಾಕ್ಷಾರಸವಲ್ಲ ಅನ್ನುವ ಅರ್ಥದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬರೆದರು. ಅರ್ಜಿಗೆ ಉತ್ತರವಾಗಿ ಸರ್ಕಾರ ಸಲ್ಲಿಸುವ ಆಕ್ಷೇಪಣೆಯಲ್ಲಿ ಆದೇಶದಲ್ಲಿಲ್ಲದ ಕಾರಣ ಕಂಡರೆ ವಕೀಲರು ಮೊದಲು ತೆಗೆಯುವುದು ಇದೇ ತೀರ್ಪನ್ನು.

ತಾಲ್ಲೂಕು ಕಚೇರಿ ಅರ್ಜಿಗೆ ಉತ್ತರವಾಗಿ ಕೊಡುವ ಹಿಂಬರಹಗಳಲ್ಲಿ 'ತಮ್ಮ ಮನವಿಯನ್ನು ಪರಿಗಣಿಸಲು ಅವಕಾಶವಿರುವುದಿಲ್ಲ' ಎಂಬ ಒಂದೇ ಸಾಲು ನೋಡಿರುತ್ತೀರಿ. ಯಾಕೆ ಅವಕಾಶ ಇಲ್ಲ, ಯಾವ ನಿಯಮ ಅಡ್ಡ ಬಂತು, ಒಂದೂ ಇರುವುದಿಲ್ಲ. ಇಂಥ ಹಿಂಬರಹ ಕಂಡು ಬೇಜಾರು ಮಾಡಿಕೊಳ್ಳಬೇಡಿ. ಕಾರಣ ಬರೆಯದ ಹಿಂಬರಹವನ್ನು ಸಮರ್ಥಿಸಿಕೊಳ್ಳುವುದು ಸರ್ಕಾರಿ ವಕೀಲರಿಗೇ ಕಷ್ಟ.

ಕಡತದೊಳಗೆ ಏನಿದೆ ಅಂತ ತಿಳಿಯುವುದು ಹೇಗೆ?

ಮಾಹಿತಿ ಹಕ್ಕು ಕಾಯ್ದೆ, 2005. ₹10 ಶುಲ್ಕ ಕಟ್ಟಿ ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಕೊಡಬೇಕು. ಸುಮ್ನೆ 'ನನ್ನ ಅರ್ಜಿಯ ಮಾಹಿತಿ ಕೊಡಿ' ಅಂತ ಬರೆಯಬೇಡಿ. ಕಡತದ ಸಂಖ್ಯೆ ಹಾಕಿ, ಪತ್ರವ್ಯವಹಾರದ ಭಾಗ ಮತ್ತು ಟಿಪ್ಪಣಿ ಹಾಳೆ ಎರಡರದ್ದೂ ದೃಢೀಕೃತ ನಕಲು ಕೇಳಿ. ಟಿಪ್ಪಣಿ ಹಾಳೆಯಲ್ಲಿ ಕೇಸ್ ವರ್ಕರ್‌ನಿಂದ ಹಿಡಿದು ಮೇಲಿನವರ ತನಕ ಯಾರು ಏನು ಬರೆದರು ಅನ್ನುವುದು ಸಿಗುತ್ತದೆ. ಕೆಳಗಿನವರು ಕಾನೂನು ಸರಿಯಾಗಿ ಬರೆದು ನಿಮ್ಮ ಪರ ಮಂಡಿಸಿರುತ್ತಾರೆ, ಮೇಲೆ ಒಂದು ಷರಾ ಬಿದ್ದು ಕತೆ ತಿರುಗಿರುತ್ತದೆ. ಅಂಥ ಒಂದು ಹಾಳೆ ಹತ್ತು ಪುಟದ ವಾದಕ್ಕೆ ಸಮ.

ನೋಟಿಸ್ ಕೊಡದೆ ಆದೇಶ ಮಾಡಿದ್ದಾರೆ. ಅದೊಂದೇ ಸಾಕಾ?

ನಿಮ್ಮ ಹಕ್ಕಿಗೋ ಜೀವನೋಪಾಯಕ್ಕೋ ಪೆಟ್ಟು ಕೊಡುವ ಆದೇಶವಾದರೆ ಬಹುತೇಕ ಸಾಕು. ಕಾಯ್ದೆಯಲ್ಲಿ ವಿಚಾರಣೆ ಮಾಡಬೇಕು ಅಂತ ಬರೆದಿಲ್ಲದಿದ್ದರೂ ಸರಿ. 1978ರ ಮೇನಕಾ ಗಾಂಧಿ ಪ್ರಕರಣದಲ್ಲಿ ಪಾಸ್‌ಪೋರ್ಟ್ ವಶಪಡಿಸಿಕೊಂಡು, ಕಾರಣ ಕೇಳಿದರೆ ಸಾರ್ವಜನಿಕ ಹಿತದೃಷ್ಟಿಯಿಂದ ಕೊಡುವುದಿಲ್ಲ ಅಂದಿದ್ದರು. ಪಾಸ್‌ಪೋರ್ಟ್ ಕಾಯ್ದೆ ಬಾಯಿಬಿಟ್ಟು ಹೇಳದಿದ್ದರೂ ಎದುರಿನವರ ಮಾತು ಕೇಳಲೇಬೇಕು ಅಂತ ಆ ತೀರ್ಪಿನಿಂದ ಗಟ್ಟಿಯಾಯಿತು.

ಆದರೆ ಒಂದು ಎಚ್ಚರಿಕೆ. ನೋಟಿಸ್ ಕೊಟ್ಟಿದ್ದರೆ ನೀವೇನು ಹೇಳುತ್ತಿದ್ದಿರಿ ಅಂತ ನ್ಯಾಯಾಧೀಶರು ಕೇಳುತ್ತಾರೆ. ಅದಕ್ಕೆ ನಿಮ್ಮ ಹತ್ತಿರ ಉತ್ತರ ಇರಬೇಕು. ಹೇಳಲು ಏನೂ ಇಲ್ಲ, ಎಲ್ಲಾ ಅಂಶವನ್ನೂ ಒಪ್ಪಿಕೊಂಡೇ ಇದ್ದೀರಿ ಅಂತಾದರೆ ನೋಟಿಸ್ ಇಲ್ಲದ ದೋಷವೊಂದೇ ನಿಮ್ಮನ್ನು ಕಾಪಾಡುವುದು ಕಷ್ಟ.

ಅಧಿಕಾರಿಗೆ ನನ್ನ ಮೇಲೆ ದ್ವೇಷ ಇದೆ. ಹಾಗಂತ ಬರೆಯಬಹುದಾ?

ಬರೆಯಬಹುದು, ಆದರೆ ಯೋಚಿಸಿ ಬರೆಯಿರಿ. ದುರುದ್ದೇಶ ಅಂತ ಆರೋಪ ಮಾಡಿದರೆ ಆ ಅಧಿಕಾರಿಯನ್ನು ಹೆಸರು ಹಾಕಿ ಪ್ರತಿವಾದಿ ಮಾಡಬೇಕು, ಯಾವತ್ತು ಏನು ನಡೆಯಿತು ಅಂತ ವಿವರ ಕೊಡಬೇಕು. ಸಾಬೀತು ಮಾಡುವ ಹೊರೆ ಭಾರ ಅಂತ 1974ರಲ್ಲಿ ವರದಿಯಾದ ರಾಯಪ್ಪ ತೀರ್ಪು ಹೇಳಿದೆ. ಸಿಟ್ಟಿನಲ್ಲಿ ನಾಲ್ಕು ಸಾಲು ಸೇರಿಸಿದರೆ ಉಳಿದ ಒಳ್ಳೆಯ ಅಂಶಗಳೂ ಮಸುಕಾಗುತ್ತವೆ. ನನ್ನನ್ನು ಕೇಳಿದರೆ, ಕೈಯಲ್ಲಿ ದಾಖಲೆ ಇಲ್ಲದಿದ್ದರೆ ಈ ಅಂಶ ಬಿಡುವುದೇ ವಾಸಿ.

ಪಕ್ಷಪಾತದ ಆರೋಪ ಬೇರೆ, ಅದು ಸ್ವಲ್ಪ ಸುಲಭ. ಅಲ್ಲಿ ಅಧಿಕಾರಿಯ ಮನಸ್ಸಿನಲ್ಲಿ ಏನಿತ್ತು ಅಂತ ತೋರಿಸಬೇಕಿಲ್ಲ, ಅವರು ಕೂತ ಜಾಗ ತೋರಿಸಿದರೆ ಸಾಕು. 1969ರ ಕ್ರೈಪಾಕ್ ಪ್ರಕರಣದಲ್ಲಿ ಅರಣ್ಯ ಸೇವೆಯ ಆಯ್ಕೆ ಮಂಡಳಿಯಲ್ಲಿದ್ದ ಒಬ್ಬ ಅಧಿಕಾರಿ ತಾವೇ ಅಭ್ಯರ್ಥಿಯೂ ಆಗಿದ್ದರು. ತಮ್ಮ ಹೆಸರು ಬಂದಾಗ ಎದ್ದು ಹೋದರಂತೆ, ಆದರೆ ಪೈಪೋಟಿಗಿದ್ದವರ ಹೆಸರು ಬಂದಾಗ ಕೂತಿದ್ದರು. ಸುಪ್ರೀಂ ಕೋರ್ಟ್ ಆ ಆಯ್ಕೆಯನ್ನೇ ರದ್ದು ಮಾಡಿತು.

ತಪ್ಪು ಮಾಡಿದ್ದು ನಿಜ, ಆದರೆ ಶಿಕ್ಷೆ ತೀರಾ ಜಾಸ್ತಿ ಆಯಿತು. ಕೇಳಬಹುದಾ?

ಕೇಳಬಹುದು. 1987ರಲ್ಲಿ ಒಬ್ಬ ಸೈನಿಕನ ಪ್ರಕರಣ ಸುಪ್ರೀಂ ಕೋರ್ಟ್‌ಗೆ ಬಂತು. ಊಟ ಮಾಡು ಅಂತ ಮೇಲಧಿಕಾರಿ ಆಜ್ಞೆ ಮಾಡಿದಾಗ ಆತ ಒಪ್ಪಲಿಲ್ಲ ಅನ್ನುವುದು ಆರೋಪ. ಅದಕ್ಕೆ ಒಂದು ವರ್ಷ ಕಠಿಣ ಸಜೆ ಮತ್ತು ವಜಾ! ತಪ್ಪಿಗೂ ಶಿಕ್ಷೆಗೂ ತಾಳೆಯೇ ಇಲ್ಲ ಅಂತ ಕೋರ್ಟ್ ಅದನ್ನು ರದ್ದು ಮಾಡಿತು. ಆದರೆ ಅಳತೆ ಬಿಗಿಯಾಗಿರುತ್ತದೆ. ಶಿಕ್ಷೆ 'ಸ್ವಲ್ಪ ಜಾಸ್ತಿ' ಅನ್ನಿಸಿದರೆ ಸಾಲದು, ನೋಡಿದವರು ಬೆಚ್ಚಿಬೀಳುವಷ್ಟು ಜಾಸ್ತಿ ಇರಬೇಕು.

ಸೀದಾ ಹೈಕೋರ್ಟ್‌ಗೆ ಹೋಗಬಹುದಾ, ಕೆಳಗೆ ಮೇಲ್ಮನವಿ ಹಾಕಲೇಬೇಕಾ?

ಕಾಯ್ದೆಯಲ್ಲೇ ಮೇಲ್ಮನವಿಗೆ ದಾರಿ ಇದ್ದರೆ ಮೊದಲು ಅಲ್ಲಿಗೆ ಹೋಗಿ. ಇಲ್ಲದಿದ್ದರೆ ಹೈಕೋರ್ಟ್ ನಿಮ್ಮನ್ನು ಅಲ್ಲಿಗೇ ವಾಪಸ್ ಕಳಿಸುತ್ತದೆ, ನಡುವೆ ತಿಂಗಳುಗಳು ಹೋಗಿರುತ್ತವೆ. ಪಹಣಿ, ಮ್ಯುಟೇಶನ್ ತಕರಾರನ್ನೇ ನೋಡಿ. ಕರ್ನಾಟಕ ಭೂ ಕಂದಾಯ ಕಾಯ್ದೆ, 1964ರ ಕಲಂ 136(2)ರ ಅಡಿ ಎಸಿ (ಉಪವಿಭಾಗಾಧಿಕಾರಿ) ಕೋರ್ಟ್‌ನಲ್ಲಿ ಮೇಲ್ಮನವಿ, ಆಮೇಲೆ 136(3)ರ ಅಡಿ ಡಿಸಿ (ಜಿಲ್ಲಾಧಿಕಾರಿ) ಕೋರ್ಟ್‌ನಲ್ಲಿ ರಿವಿಜನ್, ಅಂದರೆ ಪುನರ್‌ಪರಿಶೀಲನೆ. ಅದಾದ ಮೇಲೆ ರಿಟ್. ಜಮೀನು ಯಾರದ್ದು ಅನ್ನುವ ಮೂಲ ಜಗಳ ಇದ್ದರೆ ಈ ಮೂರೂ ಕಡೆ ಅದು ತೀರುವುದಿಲ್ಲ, ಅದಕ್ಕೆ ಸಿವಿಲ್ ಕೋರ್ಟೇ ಬೇಕು. ಸಾಕ್ಷಿ ಕರೆಸಿ ಪಾಟೀಸವಾಲು ಮಾಡುವ ಕೆಲಸವನ್ನು ರಿಟ್‌ನಲ್ಲಿ ಸಾಮಾನ್ಯವಾಗಿ ಮಾಡುವುದಿಲ್ಲ.

ಇದಕ್ಕೆ ವಿನಾಯಿತಿಗಳೂ ಇವೆ. ಮೂಲಭೂತ ಹಕ್ಕಿನ ಉಲ್ಲಂಘನೆ, ನಿಮ್ಮ ಮಾತು ಕೇಳದೆ ಮಾಡಿದ ಆದೇಶ, ಅಧಿಕಾರವೇ ಇಲ್ಲದವರು ಮಾಡಿದ ಆದೇಶ, ಕಾಯ್ದೆಯ ಸಿಂಧುತ್ವವನ್ನೇ ಪ್ರಶ್ನಿಸುವ ಸಂದರ್ಭ. 1998ರ ವರ್ಲ್‌ಪೂಲ್ ತೀರ್ಪು ಇವುಗಳನ್ನು ಪಟ್ಟಿ ಮಾಡಿದೆ. ಇವುಗಳಲ್ಲಿ ಒಂದು ನಿಮಗೆ ಒಪ್ಪುತ್ತದೆ ಅಂತಾದರೆ ಅರ್ಜಿಯಲ್ಲೇ ಅದನ್ನು ಮೊದಲಿಗೆ ಹೇಳಿ.

ನಾನು ರಾಜ್ಯ ಸರ್ಕಾರಿ ನೌಕರ. ವರ್ಗಾವಣೆ, ಬಡ್ತಿ ವಿಚಾರ ಎಲ್ಲಿ?

ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ. ಎಲ್ಲರೂ ಕೆಎಟಿ ಅನ್ನುತ್ತಾರೆ. 1986ರಿಂದ ಇದೆ. ಇಲ್ಲಿ ಮಾತ್ರ ಅವಧಿ ಕಟ್ಟುನಿಟ್ಟು: ಅಂತಿಮ ಆದೇಶವಾದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಅಲ್ಲಿ ಸೋತರೆ ಹೈಕೋರ್ಟ್‌ನ ವಿಭಾಗೀಯ ಪೀಠ. ಕೇಂದ್ರ ಸರ್ಕಾರಿ ನೌಕರರಿಗೆ ಇಂಥದ್ದೇ ಕೇಂದ್ರ ನ್ಯಾಯಮಂಡಳಿ ಇದೆ.

ಮನವಿ ಕೊಟ್ಟು ವರ್ಷವಾಯಿತು, ಉತ್ತರವೇ ಇಲ್ಲ. ಆದೇಶವೇ ಇಲ್ಲದಿದ್ದರೆ ಏನನ್ನು ಪ್ರಶ್ನಿಸುವುದು?

ಸುಮ್ಮನೆ ಕೂತಿರುವುದನ್ನೇ ಪ್ರಶ್ನಿಸಿ. ಮಾಡಲೇಬೇಕಾದ ಕೆಲಸ ಮಾಡಿ ಅಂತ ಆಜ್ಞೆ ಕೊಡುವ ರಿಟ್‌ಗೆ ಮ್ಯಾಂಡಮಸ್ ಅನ್ನುತ್ತಾರೆ. ಅದು ಸಿಗಬೇಕಾದರೆ ನೀವು ಲಿಖಿತವಾಗಿ ಕೇಳಿರಬೇಕು, ಅವರು ಕೊಡದೇ ಇರಬೇಕು. ಬಾಯಿಮಾತಿನಲ್ಲಿ ಹತ್ತು ಸಲ ಹೋಗಿ ಕೇಳಿದ್ದು ಲೆಕ್ಕಕ್ಕಿಲ್ಲ. ಮನವಿಯ ಎರಡು ಪ್ರತಿ ಒಯ್ಯಿರಿ. ಒಂದನ್ನು ಟಪಾಲು ಶಾಖೆಗೆ ಕೊಟ್ಟು, ಇನ್ನೊಂದರ ಮೇಲೆ ದಿನಾಂಕ ಸಮೇತ ಮುದ್ರೆ ಹಾಕಿಸಿಕೊಳ್ಳಿ. 'ಸಾಹೇಬ್ರು ಇಲ್ಲ, ನಾಳೆ ಬನ್ನಿ' ಅಂದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ.

ಇಂಥ ಅರ್ಜಿಗಳಲ್ಲಿ ಸಾಮಾನ್ಯವಾಗಿ ಬರುವ ಆದೇಶ, 'ಇಷ್ಟು ವಾರದೊಳಗೆ ಮನವಿಯನ್ನು ಕಾನೂನು ಪ್ರಕಾರ ಪರಿಗಣಿಸಿ'. ಪರಿಗಣಿಸಿ ಅಂದರೆ ಒಪ್ಪಿ ಅಂತ ಅಲ್ಲ. ಪರಿಗಣಿಸಿ ತಿರಸ್ಕರಿಸಲೂ ಅವರಿಗೆ ದಾರಿ ಇದೆ. ಆಗ ಕೈಗೆ ಒಂದು ಆದೇಶವಾದರೂ ಬರುತ್ತದೆ, ಅದನ್ನು ಪ್ರಶ್ನಿಸಬಹುದು.

ಎಷ್ಟು ದಿನದೊಳಗೆ ರಿಟ್ ಹಾಕಬೇಕು?

ಇಂತಿಷ್ಟೇ ದಿನ ಅಂತ ಕಾನೂನಿನಲ್ಲಿ ಬರೆದಿಲ್ಲ. ಹಾಗಂತ ಆರಾಮಾಗಿ ಇರಬೇಡಿ. ತಡ ಮಾಡಿದ್ದಕ್ಕೆ ಒಪ್ಪುವಂಥ ಕಾರಣ ಇಲ್ಲದಿದ್ದರೆ ಕೋರ್ಟ್ ಒಳಗಿನ ವಿಷಯಕ್ಕೇ ಹೋಗುವುದಿಲ್ಲ. ವಾರಗಳ ಲೆಕ್ಕದಲ್ಲಿ ಯೋಚಿಸಿ, ವರ್ಷಗಳ ಲೆಕ್ಕದಲ್ಲಲ್ಲ. ಹತ್ತು ವರ್ಷದ ಹಳೆಯ ವಿಚಾರಕ್ಕೆ ಇವತ್ತೊಂದು ಮನವಿ ಕೊಟ್ಟು, ಅದರ ಹಿಂಬರಹ ಹಿಡಿದುಕೊಂಡು ಬಂದರೆ ಹಳೆಯ ವಿಚಾರ ಹೊಸದಾಗುವುದಿಲ್ಲ. ಸುಪ್ರೀಂ ಕೋರ್ಟ್ ಇದನ್ನು 2008ರಲ್ಲೇ ಹೇಳಿದೆ, ಆದರೂ ಈ ಉಪಾಯ ಇನ್ನೂ ಚಾಲ್ತಿಯಲ್ಲಿದೆ.

ಅಂದ ಹಾಗೆ, ಸರ್ಕಾರದ ವಿರುದ್ಧ ಸಿವಿಲ್ ದಾವೆ ಹಾಕಲು ಬೇಕಾದ ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 80ರ ಎರಡು ತಿಂಗಳ ನೋಟಿಸ್ ರಿಟ್‌ಗೆ ಬೇಕಿಲ್ಲ.

ಖಾಸಗಿ ಕಂಪನಿ, ಖಾಸಗಿ ಬ್ಯಾಂಕ್ ವಿರುದ್ಧ ರಿಟ್ ಹಾಕಬಹುದಾ?

ಸಾಮಾನ್ಯವಾಗಿ ಇಲ್ಲ. ಆ ಸಂಸ್ಥೆ ಸಾರ್ವಜನಿಕ ಕರ್ತವ್ಯ ನಡೆಸುತ್ತಿದ್ದು, ನಿಮ್ಮ ದೂರು ಆ ಕರ್ತವ್ಯದ ಬಗ್ಗೆಯೇ ಇದ್ದರೆ ಮಾತ್ರ.

ಟೆಂಡರ್‌ನಲ್ಲಿ ಅನ್ಯಾಯವಾಗಿದೆ. ಏನು ಮಾಡಲಿ?

ಮೊದಲು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ, 1999ರ ಕಲಂ 16ರ ಮೇಲ್ಮನವಿ ನೋಡಿ. ಟೆಂಡರ್ ವಿಚಾರದಲ್ಲಿ ಕೋರ್ಟ್‌ಗಳು ತುಂಬಾ ಹಿಂದೆ ನಿಲ್ಲುತ್ತವೆ. ತಾಂತ್ರಿಕ ಅರ್ಹತೆ ಯಾರಿಗಿದೆ ಅಂತ ತೂಗಲು ಅವು ಹೋಗುವುದಿಲ್ಲ. ಷರತ್ತನ್ನು ಒಬ್ಬರಿಗೆ ಸಡಿಲಿಸಿ ನಿಮಗೆ ಬಿಗಿ ಮಾಡಿದ್ದು ದಾಖಲೆಯಲ್ಲಿ ಕಂಡರೆ ಆಗ ಮಾತು ಬೇರೆ.

ಬೆಂಗಳೂರಿಗೇ ಬರಬೇಕಾ?

ಬೇಡ. ಧಾರವಾಡ ಮತ್ತು ಕಲಬುರಗಿಯಲ್ಲಿ 2008ರಲ್ಲಿ ಸಂಚಾರಿ ಪೀಠಗಳು ಬಂದವು, 2013ರಲ್ಲಿ ಕಾಯಂ ಆದವು. ಬೆಳಗಾವಿ, ಹಾವೇರಿ, ಉತ್ತರ ಕನ್ನಡ, ಬಳ್ಳಾರಿ ಮುಂತಾದ ಜಿಲ್ಲೆಗಳಿಗೆ ಧಾರವಾಡ. ಬೀದರ್, ರಾಯಚೂರು, ಯಾದಗಿರಿ, ವಿಜಯಪುರ, ಕಲಬುರಗಿಗೆ ಕಲಬುರಗಿ ಪೀಠ.

ಅರ್ಜಿ ಹಾಕಿದ ಕೂಡಲೇ ಆದೇಶ ನಿಂತುಹೋಗುತ್ತದಾ?

ಇಲ್ಲ. ಸ್ಟೇ ಬೇಕಾದರೆ ಪ್ರತ್ಯೇಕವಾಗಿ ಮಧ್ಯಂತರ ಅರ್ಜಿ ಹಾಕಿ ಕೇಳಬೇಕು. ಮೇಲ್ನೋಟಕ್ಕೆ ಕೇಸು ಇದೆ, ಸ್ಟೇ ಕೊಡದಿದ್ದರೆ ಆಮೇಲೆ ತುಂಬಿಕೊಡಲಾಗದ ನಷ್ಟ ಆಗುತ್ತದೆ, ಕೊಟ್ಟರೆ ಎದುರಿನವರಿಗೆ ಅಷ್ಟು ತೊಂದರೆ ಇಲ್ಲ ಅಂತ ತೋರಿಸಬೇಕು.

ಸ್ಟೇ ಯಾಕೆ ಅಷ್ಟು ಮುಖ್ಯ ಅನ್ನಲು ನಮ್ಮ ರಾಜ್ಯದ್ದೇ ಉದಾಹರಣೆ ಇದೆ. 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನು ವಜಾ ಮಾಡಿ ರಾಷ್ಟ್ರಪತಿ ಆಳ್ವಿಕೆ ಹೇರಿದರು. ಕರ್ನಾಟಕ ಹೈಕೋರ್ಟ್ ಅರ್ಜಿ ವಜಾ ಮಾಡಿತು. ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠದ ತೀರ್ಪು ಬಂದದ್ದು 1994ರ ಮಾರ್ಚ್‌ನಲ್ಲಿ. ವಜಾ ಮಾಡಿದ್ದು ಅಸಾಂವಿಧಾನಿಕ, ಬಹುಮತ ಇದೆಯೋ ಇಲ್ಲವೋ ಸದನದಲ್ಲೇ ಗೊತ್ತಾಗಬೇಕು ಅಂತ ಹೇಳಿತು. ದೇಶಕ್ಕೆಲ್ಲ ದಾರಿ ತೋರಿಸಿದ ತೀರ್ಪು. ಆದರೆ ಬೊಮ್ಮಾಯಿಯವರಿಗೆ ಕುರ್ಚಿ ವಾಪಸ್ ಸಿಗಲಿಲ್ಲ. 1989ರಲ್ಲೇ ಚುನಾವಣೆ ಮುಗಿದು ಬೇರೆ ಸರ್ಕಾರ ಬಂದಿತ್ತು.

ಕೋರ್ಟ್‌ನಲ್ಲಿ ಏನೇನು ನಡೆಯುತ್ತದೆ?

ಅರ್ಜಿ ಜೊತೆ ಅಫಿಡವಿಟ್, ಪ್ರಶ್ನಿಸುವ ಆದೇಶದ ಪ್ರತಿ, ಉಳಿದ ದಾಖಲೆಗಳು. ಕೋರ್ಟ್ ಕಚೇರಿಯವರು ಪರಿಶೀಲಿಸಿ ಆಕ್ಷೇಪಣೆ ಎತ್ತುತ್ತಾರೆ, ಅದನ್ನು ಸರಿಪಡಿಸಿದ ಮೇಲೆ ಪ್ರಾಥಮಿಕ ವಿಚಾರಣೆಗೆ ಪಟ್ಟಿಯಾಗುತ್ತದೆ. ಅಲ್ಲೇ ವಜಾ ಆಗಬಹುದು. ಇಲ್ಲದಿದ್ದರೆ ಸರ್ಕಾರಿ ವಕೀಲರು ನೋಟಿಸ್ ತೆಗೆದುಕೊಳ್ಳುತ್ತಾರೆ, ಆಕ್ಷೇಪಣೆ ಸಲ್ಲಿಸಲು ಕಾಲಾವಕಾಶ ಕೇಳುತ್ತಾರೆ, ಮತ್ತೆ ಕೇಳುತ್ತಾರೆ. ನಿಮಗೆ ಅನನುಕೂಲವಾದ ದಾಖಲೆಯನ್ನೂ ನೀವೇ ಮುಂದಿಡಿ. ಮುಚ್ಚಿಟ್ಟದ್ದು ಎದುರಿನವರಿಂದ ಹೊರಬಂದರೆ ಕೇಸು ಅಲ್ಲಿಗೆ ಮುಗಿಯಿತು, ದಂಡವೂ ಬೀಳಬಹುದು.

ಗೆದ್ದರೆ ಏನು ಸಿಗುತ್ತದೆ?

ಬಹಳ ಸಲ ಆದೇಶ ರದ್ದಾಗಿ ವಿಷಯ ಅದೇ ಕಚೇರಿಗೆ ವಾಪಸ್ ಹೋಗುತ್ತದೆ. 'ಅರ್ಜಿದಾರರಿಗೆ ಅವಕಾಶ ಕೊಟ್ಟು ಹೊಸದಾಗಿ ತೀರ್ಮಾನಿಸಿ' ಅಂತ. ಕೋರ್ಟ್ ತಾನೇ ಲೈಸೆನ್ಸ್ ಕೊಡುವುದು, ತಾನೇ ಮಂಜೂರು ಮಾಡುವುದು ಅಪರೂಪ. ಇದು ಮೊದಲೇ ಗೊತ್ತಿರಲಿ, ಇಲ್ಲದಿದ್ದರೆ ಗೆದ್ದ ದಿನವೇ ನಿರಾಸೆಯಾಗುತ್ತದೆ. ಎರಡನೇ ಸುತ್ತಿನ ವಿಚಾರಣೆಯನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಹೇಳುವುದೆಲ್ಲ ಲಿಖಿತವಾಗಿ ಕೊಡಿ, ಯಾಕಂದರೆ ಈ ಸಲ ಅಧಿಕಾರಿ ಎಚ್ಚರದಿಂದ ಕಾರಣ ಬರೆಯುತ್ತಾರೆ.

ಸೋತರೆ?

ಏಕಸದಸ್ಯ ಪೀಠದ ಆದೇಶವಾದರೆ ಕರ್ನಾಟಕ ಹೈಕೋರ್ಟ್ ಕಾಯ್ದೆ, 1961ರ ಕಲಂ 4ರ ಅಡಿ ಇಬ್ಬರು ನ್ಯಾಯಮೂರ್ತಿಗಳ ಮುಂದೆ ರಿಟ್ ಮೇಲ್ಮನವಿ. ಅವಧಿ 30 ದಿನ. ಆಮೇಲೆ ಸುಪ್ರೀಂ ಕೋರ್ಟ್, ಅದೂ ವಿಶೇಷ ಅನುಮತಿ ಸಿಕ್ಕರೆ.

ಕೋರ್ಟ್ ಹೇಳಿದರೂ ಅಧಿಕಾರಿ ಮಾಡುತ್ತಿಲ್ಲ.

ಆದೇಶದ ದೃಢೀಕೃತ ಪ್ರತಿಯನ್ನು ಪತ್ರದ ಜೊತೆ ಕಳಿಸಿ, ತಲುಪಿದ್ದಕ್ಕೆ ದಾಖಲೆ ಇಟ್ಟುಕೊಳ್ಳಿ. ಕೊಟ್ಟ ಗಡುವು ಮುಗಿದ ಮೇಲೂ ಆಗದಿದ್ದರೆ ನ್ಯಾಯಾಂಗ ನಿಂದನೆ ಅರ್ಜಿ. 1971ರ ಕಾಯ್ದೆ ಪ್ರಕಾರ ಒಂದು ವರ್ಷದೊಳಗೆ ಹಾಕಬೇಕು. ಶಿಕ್ಷೆ ಆರು ತಿಂಗಳವರೆಗೆ ಸಜೆ, ₹2,000ದವರೆಗೆ ದಂಡ. ಶಿಕ್ಷೆಯ ತನಕ ಹೋಗುವುದು ಕಡಿಮೆ. ಖುದ್ದು ಹಾಜರಾಗಿ ಅಂದರೆ ಸಾಕು, ಎಷ್ಟೋ ಕಡತಗಳಿಗೆ ಕಾಲು ಬರುತ್ತದೆ.

ವಕೀಲರಿಗೆ ಕೊಡಲು ದುಡ್ಡಿಲ್ಲ.

ಹೈಕೋರ್ಟ್ ಕಾನೂನು ಸೇವೆಗಳ ಸಮಿತಿಗೆ ಅರ್ಜಿ ಕೊಡಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು, ಕೈಗಾರಿಕಾ ಕಾರ್ಮಿಕರು ಆದಾಯ ಎಷ್ಟೇ ಇದ್ದರೂ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಉಚಿತ ವಕೀಲರನ್ನು ಪಡೆಯಬಹುದು. ಉಳಿದವರಿಗೆ ಆದಾಯ ಮಿತಿ ಇದೆ. ಅರ್ಜಿ ಕೊಡಲು ಬೆಂಗಳೂರಿಗೆ ಹೋಗಬೇಕಿಲ್ಲ. ನಿಮ್ಮ ತಾಲ್ಲೂಕು ಕೋರ್ಟ್ ಆವರಣದಲ್ಲಿರುವ ಕಾನೂನು ಸೇವೆಗಳ ಸಮಿತಿಯಲ್ಲಿ ಕೇಳಿದರೆ ದಾರಿ ಹೇಳುತ್ತಾರೆ. ಹೋಗುವಾಗ ಆದೇಶದ ಪ್ರತಿ ಮತ್ತು ಮುದ್ರೆ ಹಾಕಿಸಿಕೊಂಡ ಮನವಿಗಳನ್ನು ಜೊತೆಗೆ ಒಯ್ಯಿರಿ.